ಮೆಟ್ಟಿಲ ಮೇಲೆ ಗಾಜು, ಅಡುಗೆಮನೆಗೆ ಕೊಳವೆ

ಡಿಸೆಂಬರ್‌ನ ಒಂದು ಬೆಳಿಗ್ಗೆ ಮೆಟ್ಟಿಲು ಇಳಿಯುತ್ತಿದ್ದೆ. ಕತ್ತಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ತಲೆಯೆತ್ತಿ ನೋಡಿದರೆ ಸ್ಕೈಲೈಟ್, ಅಂದರೆ ಬೆಳಕಿಗೆಂದು ಸೂರಿನಲ್ಲಿ ಕೂರಿಸಿದ ಗಾಜಿನ ಒಳಮೈ ತುಂಬ ಹನಿಗಳು. ಅಲ್ಯೂಮಿನಿಯಂ ಫ್ರೇಮ್ ಇನ್ನೂ ಜಾಸ್ತಿ ಒದ್ದೆ. ಪುಣೆಯಲ್ಲಿ ಮಳೆ ನಿಂತು ಎರಡು ತಿಂಗಳಾಗಿತ್ತು. ಮಳೆಗಾಲ ಪೂರ್ತಿ ಒಂದು ತೊಟ್ಟೂ ಸೋರದ ಗಾಜು ಈಗ್ಯಾಕೆ ಸೋರುತ್ತಿದೆ?

ನಮ್ಮ ಗೌಂಡಿಯನ್ನು ಕರೆಸಿದೆ. ವಿಜಯಪುರದ ಕಡೆಯವರು. ಮೇಲೆ ಹತ್ತಿ ಫ್ರೇಮಿನ ಸುತ್ತ ಕೈಯಾಡಿಸಿ ಇಳಿದು ಬಂದರು. "ಅಕ್ಕಾರ, ಹೊರಗ ಎಲ್ಲಾ ಒಣಾ ಐತ್ರಿ. ನೀರು ಒಳಗಿಂದನ ಬರಾಕತ್ತೈತಿ," ಅಂದರು.

ಕೆನಡಾದ ಕ್ಯಾಲ್ಗರಿಯಲ್ಲಿರುವ ತಮ್ಮನಿಗೆ ಫೋಟೋ ಕಳಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಬಾತ್‌ರೂಮ್ ಬಾಗಿಲು ಎಲ್ಲಿದೆ?" ಬಾಗಿಲು ಇರುವುದು ಮೆಟ್ಟಿಲಿನ ತುದಿಯಲ್ಲೇ. ಬೆಳಿಗ್ಗೆ ಆರರಿಂದ ಎಂಟರೊಳಗೆ ನಾಲ್ಕು ಜನರ ಬಿಸಿನೀರಿನ ಸ್ನಾನ. ಆ ಹಬೆಯೆಲ್ಲ ನೇರ ಮೇಲಕ್ಕೆ ಏರುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ಗಾಜು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಹಬೆ ತಾಗಿದ ಕೂಡಲೇ ನೀರು. ಅನ್ನದ ಪಾತ್ರೆಯ ಮುಚ್ಚಳದ ಕೆಳಗೆ ಹನಿ ಕಟ್ಟುವ ಹಾಗೆ.

ತಮ್ಮನ ಊರಿನಲ್ಲಿ ಇದೇ ದೊಡ್ಡ ಚಿಂತೆ. ಅಲ್ಲಿ ಚಳಿ ಮೈನಸ್ 30ಕ್ಕೂ ಇಳಿಯುತ್ತದೆ. ಒಂಟಿ ಗಾಜು ಅಲ್ಲಿ ನಡೆಯುವುದೇ ಇಲ್ಲ. ಎರಡು ಇಲ್ಲವೇ ಮೂರು ಪದರದ ಗಾಜು, ನಡುವೆ ಆರ್ಗಾನ್ ಅನಿಲ, ಗಾಜಿನ ಮೇಲೆ ಶಾಖ ತಡೆಯುವ ತೆಳು ಲೇಪ. ಅಷ್ಟಾದರೂ ದೊಡ್ಡ ಸ್ಕೈಲೈಟ್‌ನಿಂದ ಮನೆಯ ಬಿಸಿ ಸೋರಿ ಹೋಗುತ್ತದೆ. ಅದಕ್ಕೇ ಅವನು ಒಳಗಿನ ಪ್ಯಾಸೇಜಿಗೆ ಸನ್ ಟನಲ್ ಹಾಕಿಸಿಕೊಂಡ. ಸನ್ ಟನಲ್ ಅಂದರೆ ಬಿಸಿಲಿನ ಕೊಳವೆ. ಮೇಲೆ ಪಾರದರ್ಶಕ ಗುಮ್ಮಟ, ನಡುವೆ ಒಳಮೈ ಕನ್ನಡಿಯಂತೆ ಹೊಳೆಯುವ ಲೋಹದ ಪೈಪು, ಕೆಳಗೆ ಹಾಲುಬಣ್ಣದ ಮುಚ್ಚಳ. ಅವನ ಮನೆಯಲ್ಲಿ ಆ ಪೈಪು ಹಾದುಹೋಗುವ ಅಟ್ಟ ಹೊರಗಿನಷ್ಟೇ ತಣ್ಣಗಿರುತ್ತದೆ. ಹಾಗಾಗಿ ಪೈಪಿಗೆ ದಪ್ಪ ಇನ್ಸುಲೇಷನ್ ಸುತ್ತಿಸಿದ್ದಾನೆ. ಸುತ್ತದಿದ್ದರೆ ಪೈಪೂ ಬೆವರುತ್ತದಂತೆ.

ನನಗೆ ಬೆಳಕಿನ ಯೋಚನೆ ಬಂದಿದ್ದು ಅಕ್ಕಪಕ್ಕದ ಮನೆಯವರು ಎರಡೆರಡು ಮಹಡಿ ಏರಿಸಿದ ಮೇಲೆ. ಗೋಡೆಗೆ ಗೋಡೆ ತಾಗಿದ ನಮ್ಮ ರೋ ಹೌಸಿನ ಮೆಟ್ಟಿಲು, ಹಿಂದಿನ ಅಡುಗೆಮನೆ ಎರಡೂ ಕತ್ತಲಾದವು. ನಡು ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿ ಅಕ್ಕಿ ಆರಿಸುವ ಗತಿ ಬಂತು. ಬಾಗಲಕೋಟೆಯ ಕಡೆ ನಮ್ಮಜ್ಜಿಯ ಮಾಳಿಗೆ ಮನೆಯಲ್ಲೂ ಸೂರಿನಲ್ಲಿ ಬೆಳಕಿಂಡಿ ಇತ್ತು. ಮಳೆ ಬಂದರೆ ಯಾರಾದರೂ ಓಡಿಹೋಗಿ ಕಲ್ಲು ಮುಚ್ಚಿ ಬರುತ್ತಿದ್ದರು. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ಓಡಲಾಗುತ್ತದಾ?

ಓದಲು ಸಿಕ್ಕಿದ್ದೆಲ್ಲ ಚಳಿ ದೇಶದವರ ಸಲಹೆಯೇ. ಸೂರ್ಯ ಕಾಣಲಿ, ಗಾಜು ದೊಡ್ಡದಿರಲಿ ಅಂತ. ಅವರ ಆಸೆ ಸಹಜ. ಕ್ಯಾಲ್ಗರಿಯಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಸುಮಾರು 15 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಪುಣೆಯಲ್ಲಿ ಅದೇ ದಿನ 48 ಡಿಗ್ರಿ. ಮೇ 13ರ ಹೊತ್ತಿಗಂತೂ ಸರಿಯಾಗಿ ನೆತ್ತಿಯ ಮೇಲೆ, ಕಂಬದ ನೆರಳು ಕಂಬದ ಬುಡದಲ್ಲೇ ಮಾಯವಾಗುತ್ತದೆ. ಜುಲೈ ಕೊನೆಗೆ ಇನ್ನೊಮ್ಮೆ ಹಾಗಾಗುತ್ತದೆ, ಆದರೆ ಆಗ ಮೋಡ. ನಮ್ಮ ಸಮಸ್ಯೆ ಬಿಸಿ ಹೊರಗೆ ಹೋಗುವುದಲ್ಲ, ಒಳಗೆ ಬರುವುದು.

ಮೆಟ್ಟಿಲಿಗೆ ಸ್ಕೈಲೈಟ್ ಆರಿಸಿದ್ದು ಯಾಕೆಂದರೆ ಅಲ್ಲಿ ಸೂರು ಬರೀ ಪತ್ರಾಸಿನದು, ಅಂದರೆ ತಗಡಿನದು. ಸ್ಲ್ಯಾಬ್ ಮುಟ್ಟಬೇಕಿರಲಿಲ್ಲ. ಅಲ್ಲಿ ಯಾರೂ ಕೂತುಕೊಳ್ಳುವುದಿಲ್ಲ, ಸ್ವಲ್ಪ ಬಿಸಿಯಾದರೂ ನಡೆಯುತ್ತದೆ. ನಾಲ್ಕಡಿ, ಮೂರಡಿಯ ಗಾಜು, ನೀರು ಹರಿದುಹೋಗುವಷ್ಟು ಇಳಿಜಾರು. ಮಾಡಿಕೊಟ್ಟವರು ಮೊದಲು ತಂದದ್ದು ಬರೀ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ನಾನು ವಾಪಸ್ ಕಳಿಸಿದೆ. ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ ಇರಲೇಬೇಕು, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಎರಡು ಗಾಜು ಅಂಟಿಸಿದ್ದು. ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಉದುರುವುದಿಲ್ಲ. ಈ ಒಂದು ವಿಷಯದಲ್ಲಿ ದಯವಿಟ್ಟು ಯಾರೂ ಹಣ ಉಳಿಸಬೇಡಿ.

ಅಡುಗೆಮನೆಗೆ ಮಾತ್ರ ಕೊಳವೆಯೇ ಸರಿ ಅನಿಸಿತು. ಒಲೆಯ ಬಿಸಿಯೇ ಸಾಕಷ್ಟಿದೆ. ಅದರ ಮೇಲೆ 12 ಚದರಡಿ ಬಿಸಿಲು ಯಾರಿಗೆ ಬೇಕು? 14 ಇಂಚಿನ ಕೊಳವೆಯ ಬಾಯಿ ಒಂದು ಚದರಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಡುಗೆಮನೆಯ ಮೇಲೆ ಮಹಡಿ ಇಲ್ಲ, ಹಾಗಾಗಿ ಕೊಳವೆ ನೆಟ್ಟಗೆ ಇಳಿಯಿತು. ನಾಲ್ಕಡಿಯೂ ಇಲ್ಲ. ಉದ್ದ ಆದಷ್ಟೂ, ತಿರುವು ಇದ್ದಷ್ಟೂ ಬೆಳಕು ಕಡಿಮೆಯಾಗುತ್ತದೆ. ದೇವರ ಮೂಲೆಗೂ ಒಂದು ಹಾಕಿಸುವ ಆಸೆಯಿತ್ತು. ಎರಡು ಕಡೆ ಬಗ್ಗಿಸಬೇಕಾಗುತ್ತದೆ ಅಂದಾಗ ಬಿಟ್ಟೆ.

ಕೊಳವೆಯ ಜಾಗ ಗೊತ್ತು ಮಾಡಲು ತಾರಸಿಯ ಮೇಲೆ ಸೀಮೆಸುಣ್ಣದಿಂದ ನೆರಳಿನ ಗೆರೆ ಎಳೆದೆ. ಬೆಳಿಗ್ಗೆ ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ. ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ. ಮೊದಲು ಅಂದುಕೊಂಡ ಜಾಗ ಜನವರಿಯಲ್ಲಿ ಪಕ್ಕದ ಗೋಡೆಯ ನೆರಳಿಗೆ ಬಿತ್ತು. ಎರಡಡಿ ಸರಿಸಿದೆವು.

ಬೀಮ್ ಎಲ್ಲಿ, ಕಂಬಿ ಎಲ್ಲಿ ಅಂತ ಇಂಜಿನಿಯರ್ ಗುರುತು ಹಾಕಿಕೊಟ್ಟ ಮೇಲೇ ಕೋರ್ ಕಟಿಂಗ್, ಅಂದರೆ ಯಂತ್ರದಿಂದ ದುಂಡಗೆ ತೂತು ಕೊರೆಯುವ ಕೆಲಸ ಮಾಡಿಸಿದ್ದು. ಸುತ್ತಿಗೆ, ಚಾಣದಿಂದ ಒಡೆಸಲಿಲ್ಲ. ಸ್ಲ್ಯಾಬಿನ ಮೇಲಿದ್ದ ಬ್ರಿಕ್ ಬ್ಯಾಟ್ ಕೋಬಾ, ಅಂದರೆ ನೀರು ಇಳಿಯದಂತೆ ಹಾಸಿದ ಇಟ್ಟಿಗೆ ಚೂರು, ಗಾರೆಯ ಪದರ ಕತ್ತರಿಸಿದ ಮೇಲೆ ಅಲ್ಲಿಯ ವಾಟರ್‌ಪ್ರೂಫಿಂಗ್ ಹೋದಂತೆಯೇ. ಗೌಂಡಿ ತೂತಿನ ಸುತ್ತ ಒಂಬತ್ತು ಇಂಚಿನ ಕಟ್ಟೆ ಕಟ್ಟಿದರು. ಕಟ್ಟೆ ಮತ್ತು ತಾರಸಿ ಕೂಡುವಲ್ಲಿ ಮೂಲೆ ಉಳಿಸದೆ ವಾಟಾ ಎಳೆದು ದುಂಡಗೆ ಮಾಡಿದರು, ನೀರು ನಿಲ್ಲಬಾರದು ಅಂತ. ಆಮೇಲೆ ಮೂರು ದಿನ ಸುತ್ತ ನೀರು ಕಟ್ಟಿ ನಿಲ್ಲಿಸಿ ನೋಡಿದೆವು. ಕೆಳಗೆ ಸ್ಲ್ಯಾಬಿನ ಅಂಚಿಗೆ ಹಳೇ ಪೇಪರ್ ಒತ್ತಿ ಒತ್ತಿ ನೋಡುತ್ತಿದ್ದೆ. ಒಣಗಿಯೇ ಇತ್ತು. ಗುಮ್ಮಟ ಕೂರಿಸಿದ್ದು ಅದಾದ ಮೇಲೆ.

ಮರುದಿನ ಒಂಬತ್ತು ಗಂಟೆಗೆ ಅತ್ತೆ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. "ದೀಪ ಆರಿಸು, ಸುಮ್ನೆ ಉರೀತಿದೆ," ಅಂದರು. ದೀಪ ಹಾಕಿಯೇ ಇರಲಿಲ್ಲ.

ಮೇ ತಿಂಗಳಲ್ಲಿ ಮೆಟ್ಟಿಲ ಗಾಜು ಕಷ್ಟ ಕೊಟ್ಟಿತು. ಹನ್ನೆರಡೂವರೆಗೆ ಬರಿಗಾಲಲ್ಲಿ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಪರದೆ ಕಟ್ಟಿ ನೋಡಿದೆ, ಉಪಯೋಗವಾಗಲಿಲ್ಲ. ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ ಅಲ್ವಾ? ನರ್ಸರಿಯವರು ಬಳಸುವ ಹಸಿರು ನೆಟ್ ತಂದು ಹೊರಗಡೆ, ಗಾಜಿನಿಂದ ಒಂದು ಗೇಣು ಮೇಲೆ ಕಟ್ಟಿಸಿದ ಮೇಲೆ ಸರಿಹೋಯಿತು. ಮಾರ್ಚ್‌ನಲ್ಲಿ ಕಟ್ಟಿ ಮಳೆ ಶುರುವಾದಾಗ ಬಿಚ್ಚುತ್ತೇವೆ.

ಡಿಸೆಂಬರ್ ಹನಿಗೆ ತಮ್ಮ ಹೇಳಿದ ಹಾಗೆ ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಸ್ನಾನ ಮುಗಿದ ಮೇಲೂ ಕಾಲು ಗಂಟೆ ಓಡುತ್ತದೆ, ಬಾಗಿಲು ಮುಚ್ಚಿರುತ್ತದೆ. ಈಗ ತೀರಾ ಚಳಿಯಿದ್ದ ದಿನ ಫ್ರೇಮಿನ ಅಂಚಲ್ಲಷ್ಟೇ ತೇವ ಕಾಣುತ್ತದೆ. ಮೊದಲೇ ನಡುವೆ ಗಾಳಿ ಬಿಟ್ಟ ಎರಡು ಪದರದ ಗಾಜು ಹಾಕಿಸಿದ್ದರೆ ಹನಿ ಕಟ್ಟುವುದು ಕಡಿಮೆ ಇರುತ್ತಿತ್ತು. ಬಿಸಿಲಿನ ಊರಿಗೆ ಅದೇಕೆ ಅಂತ ನಾನೇ ಬೇಡ ಅಂದಿದ್ದೆ.

ಹೋದ ವಾರ ವಾಸ್ಕೋದಿಂದ ತಂಗಿ ಫೋನ್ ಮಾಡಿ, ತನ್ನ ಮನೆಗೆ ಎರಡರಲ್ಲಿ ಯಾವುದು ಹಾಕಿಸಲಿ ಅಂತ ಕೇಳಿದಳು. ಅವಳದು ಮಂಗಳೂರು ಹಂಚಿನ ಮನೆ, ಗೋವಾದ ಮಳೆ. ಎರಡೂ ಬೇಡ ಅಂದೆ. ಉತ್ತರದ ಇಳಿಜಾರಿನಲ್ಲಿ ನಾಲ್ಕು ಹಂಚು ತೆಗೆದು ಗಾಜಿನ ಹಂಚು ಕೂರಿಸು, ಮೊದಲು ಒಂದು ಮಳೆಗಾಲ ನೋಡು ಅಂದೆ.