ಬಲಿಪೂಜೆಯಲ್ಲಿ ಯಾರು ಯಾರೊಡನೆ ಮಾತನಾಡುತ್ತಾರೆ?

ಚರ್ಚಿಗೆ ಮೊದಲ ಸಲ ಬರುವವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಯಾವಾಗ ಏಳಬೇಕು, ಯಾವಾಗ ಕೂರಬೇಕು? ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದಲ್ಲಿ ನೆರೆಮನೆಯ ಮದುವೆಗೋ, ಯಾರದೋ ಮಗು ಮೊದಲ ಸಲ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಸ್ವೀಕರಿಸುವ ರೊಟ್ಟಿ) ಪಡೆಯುವ ದಿನಕ್ಕೋ, ಕ್ರಿಸ್‌ಮಸ್ ರಾತ್ರಿಯ ಪೂಜೆಗೋ ಬರುವ ಹಿಂದೂ, ಮುಸ್ಲಿಂ ಗೆಳತಿಯರ ಆತಂಕ ಇದು. ಮುಂದಿನ ಸಾಲಿನವರನ್ನು ನೋಡಿಕೊಂಡು ಅವರಂತೆ ಮಾಡಿದರೆ ಆಯಿತು, ನಿಜ. ಆದರೆ ಹಾಗೆ ಮಾಡಿದವರಿಗೆ ಪೂಜೆ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಎದ್ದದ್ದು, ಕೂತದ್ದು ಮಾತ್ರ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ನಾನು ಬೇರೊಂದು ದಾರಿ ಹೇಳಿಕೊಡುತ್ತೇನೆ. ಪ್ರತಿಯೊಂದು ಭಾಗ ಬಂದಾಗಲೂ ಮನಸ್ಸಿನಲ್ಲೇ ಕೇಳಿಕೊಳ್ಳಿ: ಈಗ ಯಾರು ಯಾರೊಡನೆ ಮಾತನಾಡುತ್ತಿದ್ದಾರೆ? ದೇವರು ನಮ್ಮೊಡನೆ ಮಾತನಾಡುವಾಗ ಕುಳಿತು ಕೇಳುತ್ತೇವೆ. ನಾವು ದೇವರೊಡನೆ ಮಾತನಾಡುವಾಗ ಎದ್ದು ನಿಲ್ಲುತ್ತೇವೆ ಇಲ್ಲವೇ ಮೊಣಕಾಲೂರುತ್ತೇವೆ. ಈ ನಿಯಮಕ್ಕೆ ಒಂದೆರಡು ಅಪವಾದಗಳಿವೆ. ಪೂಜೆಯ ತಿರುಳು ಇರುವುದೇ ಆ ಅಪವಾದಗಳಲ್ಲಿ.

ನಾನು ಬರೆಯುತ್ತಿರುವುದು ಕಥೋಲಿಕ ಕ್ರೈಸ್ತರ ಬಲಿಪೂಜೆಯ, ಅಂದರೆ ಚರ್ಚಿನಲ್ಲಿ ನಡೆಯುವ ಮಾಸ್‌ನ ಬಗ್ಗೆ. ನನಗೆ ಬಾಲ್ಯದಿಂದ ಗೊತ್ತಿರುವುದು ಅದೇ.

ಐದು ನಿಮಿಷ ಮೊದಲೇ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೊಡೆಗಳನ್ನು ಬಾಗಿಲ ಬಳಿಯೇ ಬಿಡಿ. ಒಳಗೆ ಬರುವಾಗ ನಾವು ನೀರಿನ ಬಟ್ಟಲಿಗೆ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ. ಅದು ನಾವು ಕ್ರೈಸ್ತರಾದಾಗ ಪಡೆದ ಜ್ಞಾನಸ್ನಾನದ ನೆನಪು, ನೀವು ಮಾಡಬೇಕಾಗಿಲ್ಲ. ಗಾಯನ ಶುರುವಾಗಿ ಗುರುಗಳು (ಪಾದ್ರಿಗಳು) ಪೀಠದತ್ತ ನಡೆದು ಬರುವಾಗ ಎಲ್ಲರೂ ಏಳುತ್ತಾರೆ. ಅವರ ಮೇಲುಡುಪಿನ ಬಣ್ಣ ಗಮನಿಸಿ. ಹಸಿರು ಸಾಮಾನ್ಯ ಕಾಲದ್ದು, ನೇರಳೆ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಮತ್ತು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ್ದು, ಬಿಳಿ ಕ್ರಿಸ್‌ಮಸ್ ಮತ್ತು ಈಸ್ಟರ್‌ನದು, ಕೆಂಪು ಪವಿತ್ರಾತ್ಮರ ಮತ್ತು ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಹಬ್ಬದ್ದು. ಆ ದಿನದ ಮನೋಭಾವ ಏನೆಂಬುದು ಮೊದಲ ಮಾತಿಗೂ ಮುಂಚೆ ಬಣ್ಣದಲ್ಲೇ ತಿಳಿಯುತ್ತದೆ.

ನಂತರ ಪಶ್ಚಾತ್ತಾಪದ ಪ್ರಾರ್ಥನೆ. ಮಲೆನಾಡಿನ ಮನೆಗೆ ಹೋದವರಿಗೆ ಮೊದಲು ಕಾಲು ತೊಳೆಯಲು ನೀರು ಸಿಗುತ್ತದೆ, ಮಾತು ಆಮೇಲೆ. ಇಲ್ಲಿಯೂ ಹಾಗೆಯೇ. ಎದೆ ಬಡಿದುಕೊಂಡು ತಪ್ಪೊಪ್ಪಿಕೊಳ್ಳುವಾಗ ನಾವು ದೇವರಿಗಷ್ಟೇ ಅಲ್ಲ, ಸುತ್ತ ನಿಂತಿರುವವರಿಗೂ ಹೇಳುತ್ತಿರುತ್ತೇವೆ. ಬೇಲಿಯ ವಿಷಯಕ್ಕೆ ಜಗಳವಾಡಿದ ಇಬ್ಬರು ಒಂದೇ ಸಾಲಿನಲ್ಲಿ ನಿಂತು ಈ ಮಾತು ಹೇಳುವಾಗ ಅದರ ಭಾರ ಏನೆಂದು ಊರಿನವರಿಗೆ ಗೊತ್ತು. ಆಮೇಲೆ ಮಹಿಮಾಗಾನ. ಆಗಮನ ಕಾಲದ ಮತ್ತು ತಪಸ್ಸು ಕಾಲದ ಭಾನುವಾರಗಳಲ್ಲಿ ಅದನ್ನು ಹಾಡುವುದಿಲ್ಲ.

ಈಗ ಕೂರಬಹುದು, ವಾಚನಗಳು ಆರಂಭವಾಗುತ್ತವೆ. ಭಾನುವಾರ ಮೊದಲನೆಯದು ಸಾಮಾನ್ಯವಾಗಿ ಬೈಬಲಿನ ಹಳೆಯ ಒಡಂಬಡಿಕೆಯಿಂದ, ನಡುವೆ ಕೀರ್ತನೆ, ಎರಡನೆಯದು ಪ್ರೇಷಿತರ, ಅಂದರೆ ಯೇಸುವಿನ ಸಂದೇಶ ಸಾರಿದ ಮೊದಲ ಶಿಷ್ಯರ, ಪತ್ರಗಳಿಂದ. ಇವನ್ನು ಗುರುಗಳು ಆರಿಸಿಕೊಳ್ಳುವುದಿಲ್ಲ. ಮೂರು ವರ್ಷದ ಚಕ್ರವೊಂದಿದೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಒಂದು ವರ್ಷ ಮತ್ತಾಯ, ಮತ್ತೊಂದು ವರ್ಷ ಮಾರ್ಕ, ಮೂರನೆಯ ವರ್ಷ ಲೂಕ, ಯೊವಾನ್ನನ ಶುಭಸಂದೇಶ ಹೆಚ್ಚಾಗಿ ತಪಸ್ಸು ಕಾಲದಲ್ಲಿ ಮತ್ತು ಈಸ್ಟರ್ ಕಾಲದಲ್ಲಿ ಬರುತ್ತದೆ. ನಾವು ಸಾಗರದಲ್ಲಿ ಕೇಳುವ ಭಾಗವನ್ನೇ ಅದೇ ಭಾನುವಾರ ರೋಮ್‌ನಲ್ಲಿಯೂ ಓದುತ್ತಾರೆ. ಓದುವವರು ನಮ್ಮ ನಡುವಿನವರೇ, ಶಾಲೆಯ ಹುಡುಗಿ ಅಥವಾ ತೋಟದ ಕೆಲಸಗಾರ. ಓದುವ ಸರದಿ ನಿಮ್ಮದಾದರೆ ಒಂದು ಮಾತು: ಹಿಂದಿನ ದಿನವೇ ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ. ದೇವರ ಮಾತು ಜನರಿಗೆ ಮುಟ್ಟುವುದು ನಿಮ್ಮ ದನಿಯಿಂದ. ಅವಸರದಲ್ಲಿ ಅದನ್ನು ನುಂಗಬೇಡಿ.

ಶುಭಸಂದೇಶ ಬಂದಾಗ ಎಲ್ಲರೂ ಏಳುತ್ತಾರೆ. ಮಾತನಾಡುತ್ತಿರುವವರು ದೇವರು, ಕೇಳುವವರು ನಾವು, ಆದರೂ ನಿಲ್ಲುತ್ತೇವೆ. ಇದು ಮೊದಲ ಅಪವಾದ. ಯೇಸುವೇ ಎದುರಿಗೆ ಬಂದು ಮಾತನಾಡುತ್ತಿದ್ದಾರೆ ಎಂಬುದು ನಮ್ಮ ನಂಬಿಕೆ. ಅಂಥವರ ಮುಂದೆ ಕೂತಿರಲು ಸಾಧ್ಯವಿಲ್ಲ. ಹಣೆ, ತುಟಿ, ಎದೆಯ ಮೇಲೆ ಹೆಬ್ಬೆರಳಿನಿಂದ ಪುಟ್ಟ ಶಿಲುಬೆ ಬರೆದುಕೊಳ್ಳುವುದನ್ನು ನೋಡುತ್ತೀರಿ. ಈ ಮಾತು ಬುದ್ಧಿಯಲ್ಲಿ, ನಾಲಿಗೆಯಲ್ಲಿ, ಹೃದಯದಲ್ಲಿ ಇರಲಿ ಎಂಬ ಬೇಡಿಕೆ ಅದು. ನಂತರದ ಪ್ರಬೋಧನೆಗೆ ಕುಳಿತುಕೊಳ್ಳಿ. ಅಲ್ಲಿ ಗುರುಗಳು ನಮಗೆ ಹೇಳುತ್ತಿದ್ದಾರೆ. ಆಮೇಲೆ ವಿಶ್ವಾಸ ಪ್ರಮಾಣ, ಅದರ ಬಳಿಕ ಊರಿನ, ದೇಶದ, ಕಾಯಿಲೆಯವರ ಅಗತ್ಯಗಳಿಗಾಗಿ ಪ್ರಾರ್ಥನೆ.

ಆಮೇಲೆ ರೊಟ್ಟಿ, ದ್ರಾಕ್ಷಾರಸ ಮತ್ತು ಜನರ ಕಾಣಿಕೆಯನ್ನು ಪೀಠಕ್ಕೆ ತರುವ ಮೆರವಣಿಗೆ. ಅದನ್ನು ಹಣ ಸಂಗ್ರಹದ ಹೊತ್ತು ಎಂದುಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಎರಡನೆಯ ಶತಮಾನದ ನಡುವೆ ಸಂತ ಜಸ್ಟಿನ್ ರೋಮ್‌ನ ಚಕ್ರವರ್ತಿಗೆ ಕ್ರೈಸ್ತರ ಭಾನುವಾರದ ಸಭೆಯನ್ನು ವಿವರಿಸಿ ಬರೆದಿದ್ದಾನೆ: ವಾಚನ, ಉಪದೇಶ, ಎದ್ದು ನಿಂತು ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ ಮತ್ತು ನೀರು, ಸಂಗ್ರಹವಾದದ್ದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ. ಅದನ್ನು ಓದಿದಾಗ ನನಗೆ ನಮ್ಮ ಚರ್ಚೇ ಕಣ್ಣಿಗೆ ಕಟ್ಟಿತು.

ಅಕ್ಕಿ ಬೆಳೆಯುವ ನಾಡಿನಲ್ಲಿ ಗೋಧಿಯ ರೊಟ್ಟಿ ಏಕೆ ಎಂದು ಮಕ್ಕಳು ಕೇಳುತ್ತಾರೆ. ಯೇಸು ಶಿಲುಬೆಗೇರುವ ಮುಂಚೆ ಶಿಷ್ಯರೊಡನೆ ಉಂಡ ಕೊನೆಯ ಭೋಜನದಲ್ಲಿ ಕೈಗೆತ್ತಿಕೊಂಡದ್ದನ್ನೇ ನಾವೂ ಎತ್ತಿಕೊಳ್ಳುತ್ತೇವೆ, ಬದಲಿಸುವ ಹಕ್ಕು ನಮಗಿಲ್ಲ ಎಂಬುದು ನನ್ನ ಉತ್ತರ. ಆದರೆ ನಮ್ಮ ನೆಲದ ಬೆಳೆಗೂ ಜಾಗವಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನಕ್ಕೆ, ಹೊಸ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ ಹಂಚುತ್ತಾರೆ. ಮನೆಯಲ್ಲಿ ಅದರ ಕಾಳನ್ನು ಪಾಯಸಕ್ಕೆ ಸೇರಿಸಿ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ಬಾಳೆಗೊನೆ, ಅಡಿಕೆಯ ಹೊಂಬಾಳೆ ಮೆರವಣಿಗೆಯಲ್ಲಿ ಬಂದರೆ ನನಗೆ ತುಂಬಾ ಸಂತೋಷ. ಪ್ಲಾಸ್ಟಿಕ್ ಹೂವಿನ ಬುಟ್ಟಿ ಬೇಡವೇ ಬೇಡ. ಯಾರ ದುಡಿಮೆಯೂ ಇಲ್ಲದ ವಸ್ತುವನ್ನು ಪೀಠಕ್ಕೆ ತರುವುದು ಸರಿಯಲ್ಲ. ಪೀಠದ ಬಳಿ ಗುರುಗಳು ದ್ರಾಕ್ಷಾರಸಕ್ಕೆ ಒಂದೆರಡು ಹನಿ ನೀರು ಬೆರೆಸುವುದನ್ನು ತಪ್ಪದೆ ನೋಡಿ. ಬೆರೆತ ನೀರನ್ನು ಮತ್ತೆ ಬೇರ್ಪಡಿಸಲಾಗದು. ದೇವರು ಮನುಷ್ಯರಾಗಿ ನಮ್ಮೊಡನೆ ಬೆರೆತದ್ದನ್ನು ಆ ಹನಿಗಳು ಸೂಚಿಸುತ್ತವೆ. ಧೂಪದಾನಿಯನ್ನು ಜನರತ್ತ ಬೀಸಿದಾಗ ತಲೆ ಬಾಗಿಸಿದರೆ ಸಾಕು.

ಮುಂದಿನದು ಪರಮಪ್ರಸಾದದ ಮಹಾಪ್ರಾರ್ಥನೆ. ಬಹಳ ಮಂದಿಗೆ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಗುರುಗಳು ನಮ್ಮ ಕಡೆಗೆ ಮುಖ ಮಾಡಿ ನಿಂತಿರುವುದರಿಂದ ನಮಗೇ ಏನೋ ಹೇಳುತ್ತಿದ್ದಾರೆ ಎನಿಸುತ್ತದೆ. ಅವರು ಮಾತನಾಡುತ್ತಿರುವುದು ತಂದೆಯಾದ ದೇವರೊಡನೆ, ನಮ್ಮೆಲ್ಲರ ಪರವಾಗಿ. ಹೃದಯಗಳನ್ನು ಮೇಲೆತ್ತಿ ಎಂದು ಮೊದಲು ನಮ್ಮ ಒಪ್ಪಿಗೆ ಪಡೆದೇ ಮುಂದುವರಿಯುತ್ತಾರೆ. ಆ ಸಂಭಾಷಣೆ ಮೂರನೆಯ ಶತಮಾನದಲ್ಲಿಯೇ ರೂಢಿಯಲ್ಲಿತ್ತು. ನಡುವೆ, ರೊಟ್ಟಿಯನ್ನು ಕೈಗೆತ್ತಿಕೊಂಡಾಗ, ಅವರ ಬಾಯಿಂದ ಬರುವುದು ಯೇಸುವಿನ ಮಾತು: ಇದು ನನ್ನ ಶರೀರ. ಶುಭಸಂದೇಶಗಳನ್ನು ಬರೆಯುವುದಕ್ಕೂ ಮುಂಚೆಯೇ ಪ್ರೇಷಿತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಈ ಮಾತಿದೆ. ಮೊಣಕಾಲೂರಲು ಕಷ್ಟವಾದರೆ ಸುಮ್ಮನೆ ನಿಂತಿರಿ ಅಥವಾ ಕುಳಿತಿರಿ. ಗಂಟೆಯ ದನಿ ಕೇಳಿದಾಗ ಮೊಬೈಲ್ ಕೈಯಲ್ಲಿ ಇರದಿದ್ದರೆ ಸಾಕು.

ಇದೇ ಪ್ರಾರ್ಥನೆಯಲ್ಲಿ ಪೋಪ್ ಅವರ ಹೆಸರು, ಶಿವಮೊಗ್ಗದ ಧರ್ಮಾಧ್ಯಕ್ಷರ (ಬಿಷಪ್) ಹೆಸರು ಬರುತ್ತವೆ. 1988ರಲ್ಲಿ ಶಿವಮೊಗ್ಗ ಪ್ರತ್ಯೇಕ ಧರ್ಮಕ್ಷೇತ್ರ (ಒಬ್ಬ ಧರ್ಮಾಧ್ಯಕ್ಷರ ಆಡಳಿತದ ಪ್ರದೇಶ) ಆಗುವ ಮೊದಲು ಇಲ್ಲಿ ಹೇಳುತ್ತಿದ್ದದ್ದು ಚಿಕ್ಕಮಗಳೂರಿನ ಧರ್ಮಾಧ್ಯಕ್ಷರ ಹೆಸರನ್ನು. ಸತ್ತವರನ್ನೂ ನೆನೆಯುತ್ತಾರೆ, ಆಗ ನಾನು ನನ್ನ ಅಮ್ಮನ ಹೆಸರನ್ನು ಒಳಗೊಳಗೇ ಹೇಳಿಕೊಳ್ಳುತ್ತೇನೆ. ಪ್ರಾರ್ಥನೆಯ ಕೊನೆಗೆ ರೊಟ್ಟಿ ಮತ್ತು ಪಾನಪಾತ್ರೆಯನ್ನು ಎತ್ತಿ ಹಿಡಿದಾಗ ಹಬ್ಬದ ದಿನಗಳಲ್ಲಿ ಆರತಿ ಬೆಳಗುವುದನ್ನು ಕಂಡು ನಮ್ಮ ಹಿಂದೂ ಗೆಳತಿಯರು ಅಚ್ಚರಿಪಡುತ್ತಾರೆ. ಅದು ಕದ್ದುಮುಚ್ಚಿ ಬಂದದ್ದಲ್ಲ. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ಜನರ ಮಾತೃಭಾಷೆಯ ಬಾಗಿಲು ತೆರೆಯಿತು. 1969ರಲ್ಲಿ ರೋಮ್ ಭಾರತಕ್ಕೆ ಹನ್ನೆರಡು ಹೊಂದಾಣಿಕೆಗಳಿಗೆ ಒಪ್ಪಿಗೆ ಕೊಟ್ಟಿತು. ಆರತಿ, ಎಣ್ಣೆಯ ದೀಪ, ಕೈಮುಗಿಯುವುದು, ಪಂಚಾಂಗ ಪ್ರಣಾಮ ಎಲ್ಲವೂ ಅದರಲ್ಲಿವೆ. ಆರತಿಯ ಬಳಿಕ ಇಡೀ ಸಭೆ ಹೇಳುವ ಆಮೆನ್ ಗಟ್ಟಿಯಾಗಿರಬೇಕು. ಅಷ್ಟು ಹೊತ್ತು ನಮ್ಮ ಹೆಸರಿನಲ್ಲಿ ಹೇಳಿದ್ದಕ್ಕೆಲ್ಲ ನಾವು ಹಾಕುವ ಸಹಿ ಅದು.

ಯೇಸು ಕಲಿಸಿದ ಪ್ರಾರ್ಥನೆಯಾದ ಮೇಲೆ ಪರಸ್ಪರ ಶಾಂತಿ ಕೋರುತ್ತೇವೆ. ಪಕ್ಕದವರಿಗೆ ಕೈಮುಗಿಯಿರಿ, ಇಲ್ಲಿ ನೀವೂ ಸಂಪೂರ್ಣ ಪಾಲುದಾರರು. ಪರಮಪ್ರಸಾದದ ಸಾಲಿಗೆ ಮಾತ್ರ ಬರಬೇಡಿ, ಕೂತಲ್ಲೇ ಇರಿ. ಅದನ್ನು ಯಾರೂ ತಪ್ಪಾಗಿ ಭಾವಿಸುವುದಿಲ್ಲ. ನಮ್ಮಲ್ಲೂ ಸಿದ್ಧತೆಯಿಲ್ಲದವರು ಕೂತೇ ಇರುತ್ತಾರೆ. ಈವರೆಗೆ ಎಲ್ಲರಿಗೂ ಒಟ್ಟಾಗಿ ಮಾತನಾಡಿದ ಗುರುಗಳು ಇಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ‘ಕ್ರಿಸ್ತರ ಶರೀರ’ ಎನ್ನುತ್ತಾರೆ. ಒಬ್ಬೊಬ್ಬರೂ ತಾವೇ ಆಮೆನ್ ಎನ್ನಬೇಕು, ಬೇರೆಯವರು ಅವರ ಪರವಾಗಿ ಹೇಳುವಂತಿಲ್ಲ. ಕೊನೆಗೆ ಆಶೀರ್ವಾದ, ಬೀಳ್ಕೊಡುಗೆ.

ಮದುವೆಯ ಪೂಜೆಗೆ ಬಂದಿದ್ದರೆ ಇನ್ನೊಂದು ಅಪವಾದವನ್ನು ನೋಡುತ್ತೀರಿ. ಪ್ರಬೋಧನೆಯ ನಂತರ ವಧುವರರು ಪರಸ್ಪರ ಮಾತು ಕೊಡುತ್ತಾರೆ. ಆ ಸಂಸ್ಕಾರವನ್ನು ನೆರವೇರಿಸುವವರು ಗುರುಗಳಲ್ಲ, ಆ ಇಬ್ಬರೇ. ಗುರುಗಳು ಧರ್ಮಸಭೆಯ ಪರವಾಗಿ ಸಾಕ್ಷಿ, ನೀವೂ ಸಾಕ್ಷಿ. ಅವರ ದನಿ ಹೆಚ್ಚಾಗಿ ನಡುಗುತ್ತಿರುತ್ತದೆ, ಮೆಲ್ಲಗಿರುತ್ತದೆ. ಫೋಟೊಕ್ಕಾಗಿ ಮುಂದೆ ನುಗ್ಗಿದರೆ ಹಿಂದೆ ಕೂತ ಅಜ್ಜಿಗೆ ಮೊಮ್ಮಗಳ ಮಾತು ಕೇಳಿಸುವುದಿಲ್ಲ. ಉಂಗುರದ್ದೂ ಕರಿಮಣಿಯದ್ದೂ ಫೋಟೊಗಳನ್ನು ಪೂಜೆ ಮುಗಿದ ಮೇಲೆ ಮೆಟ್ಟಿಲ ಬಳಿ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು.