ಜಿಪ್ಸಿ ಕಾರ್ಬ್ಯುರೇಟರ್ ಕೆಳಗೆ ಬಟ್ಟೆ ಹೈಲಂ: ನನ್ನ ಅನುಭವ

ಏಪ್ರಿಲ್ ಬಿಸಿಲಲ್ಲಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿಸಿ, ಮೇಲೆ ದೇವಸ್ಥಾನದ ಹತ್ತಿರ ಹತ್ತು ನಿಮಿಷ ನಿಲ್ಲಿಸಿದರೂ ನನ್ನ ಹಳೇ ಜಿಪ್ಸಿ ಈಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮೊದಲು ಹೀಗೆ ಬಿಸಿಯಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದೇ ಕಷ್ಟವಿತ್ತು. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರಿಗೂ, ಆ ಮಿಶ್ರಣವನ್ನು ಇಂಜಿನ್ನಿಗೆ ಒಯ್ಯುವ ಮ್ಯಾನಿಫೋಲ್ಡಿಗೂ ನಡುವೆ ಕಾವು ತಡೆಯಲು ಒಂದು ತುಂಡು (ಸ್ಪೇಸರ್) ಇಟ್ಟ ಮೇಲೆ ಸರಿಯಾಯಿತು. ಅದು ಬಟ್ಟೆ ಹೈಲಂನದು, ಅಂದರೆ ರಾಳದಲ್ಲಿ ಅದ್ದಿದ ಬಟ್ಟೆಯ ಪದರಗಳನ್ನು ಒತ್ತಿ ಮಾಡಿದ ಗಟ್ಟಿ ಹಾಳೆಯದು. "ಪಂಪ್ ಬದಲ್ಸು ಮಾರಾಯಾ, ಹಲಗೆ ತುಂಡು ಇಟ್ರೆ ಎಂತ ಆಗ್ತು" ಅಂದ ಶಿರಸಿಯ ಗೆಳೆಯರೇ ಈಗ ಅಳತೆ ಕೇಳುತ್ತಿದ್ದಾರೆ. ಗಾಡಿಯ ಪೆಟ್ರೋಲ್ ಪಂಪನ್ನೂ ಬದಲಿಸಿ ನೋಡಿದ್ದೆ. ದುಡ್ಡು ಹೋಯಿತು ಅಷ್ಟೇ.

ಓಡುವಾಗ ತೊಂದರೆ ಇರಲಿಲ್ಲ. ನಿಲ್ಲಿಸಿದ ಮೇಲೆ ಮ್ಯಾನಿಫೋಲ್ಡಿನ ಕಾವು ಮೇಲೇರಿ, ಬೌಲಿನ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ) ಪೆಟ್ರೋಲ್ ಕುದಿದು ಜೆಟ್ಟಿನ ಸಣ್ಣ ತೂತಿನಿಂದ ಒಳಗೆ ಸುರಿಯುತ್ತದಲ್ಲ, ಅದೇ ರೋಗ. ಮೊದಲೇ ಇದ್ದ ತೆಳು ಇನ್ಸುಲೇಟರ್ ಸಾಲುತ್ತಿರಲಿಲ್ಲ.

ಮೊದಲು ಇಟ್ಟಿದ್ದು ಮರೈನ್ ಪ್ಲೈವುಡ್. ಕಾವು ತಡೆಯುವುದರಲ್ಲಿ ಅದಕ್ಕೆ ಮೋಸವಿಲ್ಲ. ಆದರೆ ನಟ್ ಬಿಗಿ ಮಾಡಿದಷ್ಟೂ ಅಮುಕಿಕೊಂಡಿತು, ಮಳೆಗಾಲದಲ್ಲಿ ಅಂಚು ಉಬ್ಬಿತು. ಆಮೇಲೆ ಟೆಫ್ಲಾನ್. ತುಂಡಿಗೇ ಎರಡು ಸಾವಿರದ ಹತ್ತಿರ ಕೊಟ್ಟೆ. ಪೆಟ್ರೋಲಿಗೂ ಜಗ್ಗುವುದಿಲ್ಲ, ಕಾವಿಗೂ ಜಗ್ಗುವುದಿಲ್ಲ, ಆದರೆ ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುತ್ತದೆ. ವಾರಕ್ಕೊಮ್ಮೆ ನಟ್ ಸಡಿಲ, ಗಾಳಿ ಲೀಕ್, ಐಡಲ್ (ನಿಂತಲ್ಲೇ ಇಂಜಿನ್ ಓಡುವ ವೇಗ) ಏರಿಳಿತ. ನೈಲಾನ್ ಅಗ್ಗ, ಆದರೆ ನಮ್ಮ ಕರಾವಳಿಯ ತೇವವನ್ನೆಲ್ಲ ಹೀರಿ ಅಳತೆಯೇ ಬದಲಾಗುತ್ತದೆ. ಕಾರವಾರದ ಒಬ್ಬರು ಚಂದಕ್ಕೆ ಲೇತ್ ಹಿಡಿಸಿ ಅಲ್ಯೂಮಿನಿಯಂ ಸ್ಪೇಸರ್ ಮಾಡಿಸಿದ್ದರು. ಅದು ಹೈಲಂಗಿಂತ ನೂರಾರು ಪಟ್ಟು ಜಾಸ್ತಿ ಕಾವು ಸಾಗಿಸುತ್ತದೆ, ಒಲೆ ಮೇಲೆ ಇನ್ನೊಂದು ತವಾ ಇಟ್ಟ ಹಾಗೆ.

ಕೊನೆಗೆ ನಿಂತದ್ದು ಹೈಲಂ, ಅದೂ ಬಟ್ಟೆ ಹೈಲಂ. ಪೇಪರ್ ಹೈಲಂ ಡ್ರಿಲ್ ಹಾಕುವಾಗ ಪದರ ಬಿಡುತ್ತದೆ, ತಗೊಳ್ಳಬೇಡಿ. ಹಸಿರು ಗ್ಲಾಸ್ ಎಪಾಕ್ಸಿ ಇನ್ನೂ ಗಟ್ಟಿ, ಆದರೆ ಬಿಟ್‌ಗಳನ್ನು ತಿಂದುಹಾಕುತ್ತದೆ, ಧೂಳು ಮೈಗೆ ತಾಗಿದರೆ ರಾತ್ರಿಯೆಲ್ಲ ತುರಿಕೆ, ಮಾಸ್ಕ್ ಇಲ್ಲದೆ ಮುಟ್ಟಲೇಬಾರದು. ಹುಬ್ಬಳ್ಳಿಯಿಂದ ತಂದ ಹೈಲಂ ತುಂಡಿಗೆ ಆರುನೂರೋ ಏಳುನೂರೋ ಆಯಿತು. ಉದ್ದದ ಸ್ಟಡ್ (ಕಾರ್ಬ್ಯುರೇಟರನ್ನು ಬಿಗಿಯುವ ತಲೆಯಿಲ್ಲದ ಬೋಲ್ಟ್), ಗ್ಯಾಸ್ಕೆಟ್ ಸೇರಿ ಸಾವಿರದ ಒಳಗೇ ಮುಗಿಯಿತು.

ದಪ್ಪ ಹತ್ತು ಮಿಲಿಮೀಟರ್ ಇಟ್ಟಿದ್ದೇನೆ. ಇನ್ನೂ ಏರಿಸುವ ಆಸೆ ಇತ್ತು, ಏರ್ ಕ್ಲೀನರ್ ಬಾನೆಟ್ಟಿಗೆ ತಾಗಿತು. ಹಳೇ ಗ್ಯಾಸ್ಕೆಟ್ಟನ್ನೇ ಅಚ್ಚು ಮಾಡಿಕೊಳ್ಳಿ, ಸಣ್ಣ ತೂತುಗಳನ್ನೂ ಬಿಡಬೇಡಿ. ಆಕ್ಸಿಲರೇಟರ್ ಮತ್ತು ಚೋಕ್ ಕೇಬಲ್ ಎಳೆತ ಬದಲಾಗುತ್ತದೆ, ಮತ್ತೆ ಹೊಂದಿಸಬೇಕು. ಸ್ಟಡ್ಡಿನ ಮೂಲಕವೂ ಕಾವು ಹತ್ತುತ್ತದೆ, ಯಾರೂ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಟ್ ಕೆಳಗೆ ಫೈಬರ್ ವಾಷರ್ ಹಾಕಿ. ಮೊದಲ ಓಟದ ನಂತರ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಕತ್ತರಿಸಿದ ಅಂಚಿಗೆ ನಾನು ಏನು ಬಳಿದು ಕಾಯಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ!

ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ, ನಿಲ್ಲಿಸಿದ ಮೇಲೆ ಎಪ್ಪತ್ತರ ಆಚೆ ಹೋಗುತ್ತಿದ್ದ ಬೌಲು ಈಗ ಐವತ್ತೈದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪವರ್ ಜಾಸ್ತಿ ಆಯಿತು ಅನ್ನುವವರ ಮಾತು ನಂಬಬೇಡಿ. ಒಳಗೆ ಹೋಗುವ ಗಾಳಿ ಆ ವೇಗದಲ್ಲಿ ಎಷ್ಟು ಬಿಸಿಯಾಗಲು ಸಾಧ್ಯ? ಪೆಟ್ರೋಲ್ ಪೈಪಿಗೆ ಗ್ಲಾಸ್ ಫೈಬರ್ ಟೇಪ್ ಸುತ್ತಿಯೂ ನೋಡಿದೆ, ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ಪೇಸರ್ ಇಟ್ಟ ಮೇಲೆ ಒಂದು ತೊಂದರೆ, ಶಿರಸಿಯ ಮಳೆಗಾಲದ ಬೆಳಿಗ್ಗೆ ಚೋಕ್ ಸ್ವಲ್ಪ ಹೆಚ್ಚು ಹೊತ್ತು ಎಳೆದಿಡಬೇಕಾಗುತ್ತದೆ.

ಕಾರ್ಬ್ಯುರೇಟರ್ ಇಲ್ಲದೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿಯವರೂ ಕೇಳುತ್ತಾರೆ. ಅವರಿಗೆ ನಾನು ಮಾಡಿಕೊಡುವುದಿಲ್ಲ. ಅಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ಎಷ್ಟೋ ಹೊಸ ಕಾರುಗಳಲ್ಲಿ ಮ್ಯಾನಿಫೋಲ್ಡೇ ಪ್ಲಾಸ್ಟಿಕ್, ಸುಮ್ನೆ ಯಾಕೆ ದುಡ್ಡು ಹಾಳು?