ಕೊಡಗಿನ ಟೀಚರ್‌ಗಳೇ, ಮನೆಕೆಲಸವನ್ನು ವರ್ಷದ ಲೆಕ್ಕದಲ್ಲಿ ಹಂಚಿ

ಮದುವೆಯಾದ ಟೀಚರ್‌ಗಳಿಗೆ ಎಲ್ಲರೂ ಕೊಡುವ ಸಲಹೆ ಒಂದೇ, ಬೆಳಗ್ಗೆ ಇನ್ನೊಂದು ಗಂಟೆ ಬೇಗ ಏಳಿ ಅಂತ. ದಯವಿಟ್ಟು ಕೇಳಬೇಡಿ. ನಿದ್ದೆಗೆಟ್ಟರೆ ಕೆಲಸ ಕಡಿಮೆಯಾಗುವುದಿಲ್ಲ, ಆರೋಗ್ಯ ಹಾಳಾಗುತ್ತದೆ ಅಷ್ಟೇ. ಕೆಲಸ ಹಂಚಬೇಕು.

ಮೇ ಕೊನೆಗೆ, ಶಾಲೆ ಶುರುವಾಗುವ ಮುಂಚೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಮ್ಮ ಕಡೆ ಕಷ್ಟದ ತಿಂಗಳು ಯಾವುದು ಅಂತ ಮೊದಲೇ ಗೊತ್ತಲ್ವಾ? ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಡಿಸೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು, ಆಮೇಲೆ ರೊಬಸ್ಟಾ, ಅದರ ಬೆನ್ನಿಗೇ ಮಾರ್ಚ್‌ನ ಪರೀಕ್ಷೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ದಿನ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮೇಲಷ್ಟೇ ಗೊತ್ತಾಗುತ್ತದೆ, ಹಾಗಾಗಿ ಆ ಆಸುಪಾಸಿನಲ್ಲಿ ಶಾಲೆಯ ಹೆಚ್ಚುವರಿ ಕೆಲಸ ಒಪ್ಪಿಕೊಳ್ಳಬೇಡಿ.

ಹಂಚುವಾಗ ಒಂದು ಕೆಲಸವನ್ನು ಪೂರ್ತಿ ಕೊಡಿ. 'ಸ್ವಲ್ಪ ಕೈ ಜೋಡಿಸಿ' ಅಂದರೆ ಏನೂ ಆಗುವುದಿಲ್ಲ. ಮಗುವಿನ ಟಿಫನ್ ಗಂಡನದ್ದು ಅಂತಾದರೆ, ನಾಳೆ ಏನು ಮಾಡೋಣ ಅಂತ ರಾತ್ರಿ ಯೋಚಿಸುವುದು, ಮೊಟ್ಟೆ ಮುಗಿದಿದ್ದರೆ ತರುವುದು, ಡಬ್ಬಿಯ ಮುಚ್ಚಳ ಹುಡುಕುವುದು, ಸಂಜೆ ಬ್ಯಾಗಿನಿಂದ ತೆಗೆದು ತೊಳೆಯುವುದು, ಎಲ್ಲಾ ಅವರದ್ದೇ. ಮೊದಲ ವಾರ ಅಕ್ಕಿ ರೊಟ್ಟಿ ಸೀದಿರುತ್ತದೆ, ಮಗು ಮುಖ ಊದಿಸುತ್ತದೆ, ಅತ್ತೆ ನಿಮ್ಮನ್ನೇ ನೋಡುತ್ತಾರೆ. ಆಗ ಎದ್ದು ಹೋಗಿ ಸೌಟು ಹಿಡಿದಿರೋ, ಆ ಕೆಲಸ ವಾಪಸ್ ನಿಮ್ಮ ತಲೆಗೇ! ಸುಮ್ನೆ ಕೂತು ನಿಮ್ಮ ಕಾಫಿ ಕುಡಿಯಿರಿ.

ತೋಟ ಇರುವ ಮನೆಯಲ್ಲಿ ಇನ್ನೊಂದಿದೆ. ಕೊಯ್ಲಿನ ಸಮಯದಲ್ಲಿ ಕೆಲಸದವರ ಹಾಜರಿ, ವಾರದ ಬಟವಾಡೆ, ಕಣದಿಂದ ಎಷ್ಟು ಚೀಲ ಹೋಯಿತು ಅನ್ನುವ ಲೆಕ್ಕ ಎಲ್ಲಾ 'ನೀನು ಟೀಚರ್ ಅಲ್ವಾ, ನಿನಗೆ ಸುಲಭ' ಅಂತ ನಿಮ್ಮ ಮುಂದೆ ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಬೇಡ ಅನ್ನಿ, ಯಾಕೆಂದರೆ ಅದೇ ರಾತ್ರಿಗಳಲ್ಲಿ ನಿಮ್ಮ ಮುಂದೆ ಉತ್ತರಪತ್ರಿಕೆಯ ಕಟ್ಟೂ ಇರುತ್ತದೆ.

ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನ ನಿಮಗೆ ಬಿಡುವು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಆ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಮುಗಿಸಬೇಕಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಿ, ಆ ಶನಿವಾರ ಮಗು ಯಾರ ಹತ್ತಿರ ಅನ್ನುವುದನ್ನೂ ಅವತ್ತೇ ತೀರ್ಮಾನ ಮಾಡಿ. ಶಾಲೆಯ ಆನ್‌ಲೈನ್ ಎಂಟ್ರಿಗಳನ್ನು ಮಳೆ ಜೋರಾಗುವ ಮುಂಚೆಯೇ ಮುಗಿಸಿಕೊಳ್ಳಿ. ಆಮೇಲೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.

ರಜೆ ಕೇಳಲು ಹಿಂಜರಿಯಬೇಡಿ. ಸರ್ಕಾರಿ ಶಿಕ್ಷಕಿಯರಿಗೆ 180 ದಿನದ ಹೆರಿಗೆ ರಜೆ ಇದೆ. 2021ರ ಆದೇಶದಂತೆ, ಇಡೀ ಸೇವಾವಧಿಗೆ ಒಟ್ಟು 180 ದಿನದ ಶಿಶುಪಾಲನಾ ರಜೆ ಬೇರೆ ಇದೆ. ಕಿರಿಯ ಮಗುವಿಗೆ 18 ತುಂಬುವವರೆಗೂ ಬಳಸಬಹುದು, ಮಗುವಿನ ಎಸ್‌ಎಸ್‌ಎಲ್‌ಸಿ ವರ್ಷಕ್ಕೆ ಸ್ವಲ್ಪ ಉಳಿಸಿಕೊಂಡರೆ ಒಳ್ಳೆಯದು. ಖಾಸಗಿ ಶಾಲೆಯವರಿಗೆ ಮೊದಲ ಎರಡು ಹೆರಿಗೆಗೆ ಕಾನೂನಿನಲ್ಲಿ 26 ವಾರ ಇದೆ. ಯಾವ ರಜೆಯನ್ನೂ ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಡಿ, ಒಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.